ಶಿರಸಿಯ ಅಟ್ಟದ ಮರದಿಂದ ಗಿಟಾರಿನ ನೆಕ್: ಮನೆಯಲ್ಲೇ, ಕೈಯಲ್ಲೇ ಮಾಡುವ ಕ್ರಮ

ಈ ಇಡೀ ಕೆಲಸದಲ್ಲಿ ಒಂದೇ ಮಾತು ನೆನಪಿಡುತ್ತೀರಿ ಅಂದರೆ ಇದನ್ನು ನೆನಪಿಡಿ: ಜೂನ್‌ನಿಂದ ಅಕ್ಟೋಬರ್‌ವರೆಗೆ ನೆಕ್‌ಗೆ, ಅಂದರೆ ಗಿಟಾರಿನ ಉದ್ದ ಹಿಡಿಗೆ, ಅಂಟು ಹಚ್ಚಬೇಡಿ.

ನನ್ನ ಮೊದಲ ನೆಕ್ ಮಾಡಿದ್ದು ಜುಲೈನಲ್ಲಿ. ತೋಟಕ್ಕೆ ಇಳಿಯಲಾಗದಷ್ಟು ಮಳೆ, ಕೈಯಲ್ಲಿ ಬೇಕಾದಷ್ಟು ಸಮಯ, ಮಿಲ್ಲೊಂದರಲ್ಲಿ "ಪೂರಾ ಒಣಗಿದ್ದು" ಅಂತ ಹೇಳಿ ಕೊಟ್ಟ ಹಲಸಿನ ಹಲಗೆ. ಮಾಡಿ ಮುಗಿಸಿದಾಗ ನೂಲು ಹಿಡಿದ ಹಾಗೆ ನೇರ ಇತ್ತು. ಜನವರಿ ಬರುವಷ್ಟರಲ್ಲಿ ಫ್ರೆಟ್‌ಗಳ (ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ತಂತಿಗಳ) ತುದಿ ಎರಡೂ ಬದಿಯಲ್ಲಿ ಹೊರಗೆ ಚಾಚಿ ಅಂಗೈ ಕೊರೆಯುತ್ತಿದ್ದವು, ನೆಕ್ ತೆಳು ತಂತಿಯ ಕಡೆಗೆ ತಿರುಚಿಕೊಂಡಿತ್ತು. ಮರ ಮಳೆಗಾಲದ ತೇವ ಕುಡಿದು ಉಬ್ಬಿದ್ದಾಗ ನಾನು ಅಳತೆ ತೆಗೆದಿದ್ದೆ. ಚಳಿಗಾಲದಲ್ಲಿ ಅದು ಕುಗ್ಗಿತು, ಫ್ರೆಟ್ ತಂತಿ ಕುಗ್ಗಲಿಲ್ಲ. ಇಷ್ಟೇ ವಿಷಯ. ಆಮೇಲೆ ಮಾಡಿದ ನೆಕ್‌ಗಳಲ್ಲಿ ಕೈಚಳಕಕ್ಕಿಂತ ಜಾಸ್ತಿ ಬದಲಾದದ್ದು ಕ್ಯಾಲೆಂಡರ್.

ಆದ್ದರಿಂದ ಮಳೆಗಾಲವನ್ನು ನಕ್ಷೆ ಬಿಡಿಸುವುದಕ್ಕೆ, ಅಚ್ಚು ಮಾಡುವುದಕ್ಕೆ, ಉಳಿ ಮಸೆಯುವುದಕ್ಕೆ ಇಟ್ಟುಕೊಳ್ಳಿ. ದೀಪಾವಳಿ ಕಳೆದ ಮೇಲೆ ಮರವನ್ನು ಒರಟಾಗಿ ಕೊಯ್ದು ಬಿಡಿ. ಅಂಟಿನ ಕೆಲಸ ಜನವರಿಯಿಂದ ಮಾರ್ಚ್. ಫ್ರೆಟ್ ಮತ್ತು ಪಾಲಿಶ್ ಏಪ್ರಿಲ್ ಒಳಗೆ. ಅಡಿಕೆ ಕೊಯ್ಲು ಕೂಡ ಅದೇ ಹೊತ್ತಿಗೆ ಬರುತ್ತದೆ, ಗೊತ್ತು. ಆದರೂ ದಿನಕ್ಕೆ ಒಂದು ತಾಸು ಸಾಕು, ಯಾಕೆಂದರೆ ಅರ್ಧ ಕೆಲಸ ಮರ ಸುಮ್ಮನೆ ಕೂತಿರುವಾಗ ಆಗುವಂಥದ್ದು.

ಯಾವ ಮರ

ವೀಣೆಯಲ್ಲಿ ದಂಡಿ ಅನ್ನುತ್ತೇವಲ್ಲ, ಗಿಟಾರಿನಲ್ಲಿ ಅದೇ ನೆಕ್. ಆರು ಸ್ಟೀಲ್ ತಂತಿ ಬಿಗಿದರೆ ಅದರ ಮೇಲೆ ಒಟ್ಟು ಸುಮಾರು 70 ಕಿಲೋ ಎಳೆತ ಬೀಳುತ್ತದೆ, ಹಗಲೂ ರಾತ್ರಿ, ವರ್ಷಗಟ್ಟಲೆ. ಅದಕ್ಕೆ ಬಗ್ಗದ ಮರ ಬೇಕು, ಆದರೆ ತೀರಾ ಭಾರ ಇರಬಾರದು. ಭಾರ ಆದರೆ ಕೈ ಬಿಟ್ಟ ಕೂಡಲೇ ಗಿಟಾರಿನ ತಲೆ ನೆಲದ ಕಡೆ ಇಳಿಯುತ್ತದೆ.

ಹೊರಗಿನ ಗಿಟಾರುಗಳಲ್ಲಿ ಮಹಾಗನಿ ರೂಢಿ. ನಮ್ಮಲ್ಲಿ ತೋಟದ ಬದಿಗೆ ನೆಟ್ಟ ಮಹಾಗನಿ ಸಿಕ್ಕರೆ ತೆಗೆದುಕೊಳ್ಳಿ. ಅದೇ ಕುಟುಂಬದ ಗಂಧಗರಿಗೆ ಕೂಡ ಹಗುರ, ಉಳಿಗೆ ಮೃದು, ನೆಕ್‌ಗೆ ಚೆನ್ನಾಗಿ ಒಪ್ಪುತ್ತದೆ. ನನ್ನ ಮೆಚ್ಚಿನದು ಮಾತ್ರ ಹಲಸು. ತಂಜಾವೂರು ವೀಣೆ, ಮೃದಂಗ ಎರಡಕ್ಕೂ ಹಲಸನ್ನೇ ಬಳಸುತ್ತಾರೆ ಅಂದ ಮೇಲೆ ನಾದಕ್ಕೆ ಅದು ಹೊಸದೇನಲ್ಲ. ಸಾಗವಾನಿ ಗಟ್ಟಿ, ಸ್ಥಿರ. ಆದರೆ ಸ್ವಲ್ಪ ಭಾರ, ಅದರೊಳಗಿನ ಎಣ್ಣೆ ಅಂಟನ್ನು ಹಿಡಿಯಗೊಡುವುದಿಲ್ಲ, ಮತ್ತೆ ಅದರಲ್ಲಿರುವ ಸಿಲಿಕಾ ಉಳಿಯ ಬಾಯನ್ನು ಬೇಗ ಮೊಂಡು ಮಾಡುತ್ತದೆ. ಸಾಗವಾನಿಯೇ ಬೇಕು ಅಂದರೆ ಅಂಟು ಹಚ್ಚುವ ಮುಂಚೆ ಆ ಜಾಗವನ್ನು ಅಸಿಟೋನ್‌ನಿಂದ ಒರೆಸಿ, ಆರಿದ ಕೂಡಲೇ ಜೋಡಿಸಿ.

ಹೊಸ ಮರಕ್ಕಿಂತ ಹಳೇ ಮನೆಯ ಮರ ನೂರು ಪಾಲು ಮೇಲು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಳೇ ಮನೆ ಬಿಚ್ಚಿ ಸಿಮೆಂಟಿನದು ಕಟ್ಟುತ್ತಲೇ ಇರುತ್ತಾರೆ. ಆಗ ಬಾಗಿಲವಾಡ, ತೊಲೆ, ಅಟ್ಟದ ಹಲಗೆ ಸಿಗುತ್ತವೆ. ಐವತ್ತು ಅರವತ್ತು ಮಳೆಗಾಲ, ಅಷ್ಟೇ ಬೇಸಿಗೆ ಕಂಡ ಮರ ಅದು. ತಿರುಚಬೇಕಾದ್ದೆಲ್ಲ ತಿರುಚಿ ಮುಗಿದಿರುತ್ತದೆ. ನಾನು ಈಗ ಬಳಸುವುದು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಿಂದು ಕಪ್ಪಾಗಿದ್ದ ಹಲಸಿನ ತೊಲೆ. ಒಳಗೆ ಜೇನಿನ ಬಣ್ಣ. ಮೊಳೆ ಉಳಿದಿದೆಯಾ ಅಂತ ಒಂದು ಅಯಸ್ಕಾಂತ ಆಡಿಸಿ ನೋಡಿ, ಇಲ್ಲವಾದರೆ ಗರಗಸದ ಹಲ್ಲು ಹೋಗುತ್ತದೆ. ಹೊರಗಿನ ಬಿಳಿ ಭಾಗ ಬಿಟ್ಟು ಚೇಗು ಮಾತ್ರ ತೆಗೆದುಕೊಳ್ಳಿ. ಬಿಳಿ ಭಾಗಕ್ಕೆ ಕುಟ್ಟೆ ಹುಳ ಬೀಳುತ್ತದೆ.

ಹಲಗೆಯ ತಲೆಕಡೆ, ಅಂದರೆ ಅಡ್ಡ ಕೊಯ್ದ ತುದಿ ನೋಡಿ. ಉಂಗುರದ ಗೆರೆಗಳು ಫ್ರೆಟ್‌ಬೋರ್ಡ್ (ಫ್ರೆಟ್ ಹೊಡೆಯುವ ತೆಳು ಹಲಗೆ) ಕೂರುವ ಮುಖಕ್ಕೆ ನೆಟ್ಟಗೆ ನಿಂತಿರಬೇಕು. ಮಲಗಿದ್ದರೆ ಆ ಮರ ಋತು ಬದಲಾದಾಗ ಬಾಗುತ್ತದೆ. ಅಂಥದ್ದೇ ಸಿಕ್ಕಿದರೆ ಬಿಸಾಡಬೇಡಿ. ಉದ್ದಕ್ಕೆ ಎರಡು ಸೀಳಿ, ಪಟ್ಟಿಗಳನ್ನು ಮಗ್ಗುಲಿಗೆ ತಿರುಗಿಸಿ ಗೆರೆ ನಿಲ್ಲುವಂತೆ ಮಾಡಿ, ಒಂದನ್ನು ಬುಡ-ತುದಿ ಅದಲುಬದಲು ಮಾಡಿ ಅಂಟಿಸಿ. ಒಂದು ಎಡಕ್ಕೆ ಎಳೆದರೆ ಇನ್ನೊಂದು ಬಲಕ್ಕೆ ಎಳೆಯುತ್ತದೆ, ನೆಕ್ ನೆಟ್ಟಗೆ ಉಳಿಯುತ್ತದೆ.

ಫ್ರೆಟ್‌ಬೋರ್ಡಿಗೆ ಬೀಟೆ. ಹಳೇ ಮಂಚದ ಪಟ್ಟಿಯಲ್ಲಿ ಒಂದು ಫ್ರೆಟ್‌ಬೋರ್ಡ್ ಆರಾಮಾಗಿ ಹೊರಡುತ್ತದೆ. ಹೊಸದು ಬೇಕಾದರೆ ಪರವಾನಗಿ ಇರುವ ಮಿಲ್ಲು ಅಥವಾ ದಾಂಡೇಲಿಯಂಥ ಅರಣ್ಯ ಇಲಾಖೆಯ ಡಿಪೋ ಮರ ತೆಗೆದುಕೊಂಡು ಬಿಲ್ಲು ಜೋಪಾನ ಮಾಡಿ. ಬೀಟೆಯ ಇಡೀ ವಂಶವೇ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಪಟ್ಟಿಯಲ್ಲಿದೆ. ಬೀಟೆಯ ಧೂಳು ಕೆಲವರಿಗೆ ಮೈ ತುರಿಕೆ, ಉಬ್ಬಸ ತರುತ್ತದೆ. ಮುಖಕ್ಕೆ ಒಳ್ಳೆಯ ಮಾಸ್ಕ್ ಹಾಕದೆ ಉಜ್ಜಬೇಡಿ.

ಮರ ಒಣಗಿದೆಯೋ ಇಲ್ಲವೋ ಅಂತ ತಿಳಿಯಲು ಮೀಟರ್ ಬೇಕಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒರಟಾಗಿ ಕೊಯ್ದ ತುಂಡನ್ನು ಪ್ರತಿ ಭಾನುವಾರ ತೂಗಿ, ಅದರ ಮೈಮೇಲೆಯೇ ಪೆನ್ಸಿಲ್‌ನಲ್ಲಿ ಬರೆಯಿರಿ. ಮೂರು ನಾಲ್ಕು ವಾರ ತೂಕ ಒಂದೇ ಇದ್ದರೆ ಮರ ನಿಮ್ಮ ಕೋಣೆಯ ಗಾಳಿಗೆ ಹೊಂದಿಕೊಂಡಿದೆ ಅಂತ ಅರ್ಥ. ಕೋಣೆಯಲ್ಲಿ ತೇವ ಅಳೆಯುವ ಸಣ್ಣ ಯಂತ್ರ ಒಂದಿರಲಿ. ಅದು ಶೇಕಡಾ 50ರ ಆಸುಪಾಸು ತೋರಿಸುವ ದಿನಗಳು ಅಂಟಿಗೆ ಚಂದ. ಕಾರವಾರ, ಕುಮಟಾ, ಹೊನ್ನಾವರದವರಿಗೆ ಸಮುದ್ರದ ಗಾಳಿಯಿಂದ ಚಳಿಗಾಲದಲ್ಲೂ ಇಷ್ಟು ಇಳಿಯುವುದು ಕಷ್ಟ. ಹಳೇ ಮರದ ಕಪಾಟಿನೊಳಗೆ 40 ವಾಟಿನ ಬಲ್ಬು ಉರಿಸಿ, ಬಾಗಿಲು ಒಂದು ಬೆರಳು ತೆರೆದಿಟ್ಟು, ಕೆಲಸ ಇಲ್ಲದ ಹೊತ್ತಲ್ಲಿ ನೆಕ್ ಅಲ್ಲೇ ಇಡಿ. ಬಲ್ಬಿಗೆ ಮರ ತಾಗದ ಹಾಗೆ ನೋಡಿಕೊಳ್ಳಿ.

ನಕ್ಷೆ ಮತ್ತು ಅಳತೆ

ಒಂದು ಹಾರ್ಡ್‌ಬೋರ್ಡ್ ಹಾಳೆಯ ಮೇಲೆ ನೆಕ್ಕನ್ನು ನಿಜವಾದ ಗಾತ್ರದಲ್ಲಿ ಬಿಡಿಸಿ, ಮೇಲಿನಿಂದ ಒಂದು, ಪಕ್ಕದಿಂದ ಒಂದು. ಕಾಗದ ಬೇಡ, ನಮ್ಮ ಹವೆಗೆ ಕಾಗದವೇ ಹಿಗ್ಗುತ್ತದೆ.

ನಾನು ಹಿಡಿಯುವ ಅಳತೆ ಹೀಗಿದೆ. ನಟ್‌ನಿಂದ (ತಲೆಯ ಕಡೆ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗಿನ (ಇನ್ನೊಂದು ಕಡೆ ತಂತಿ ಕೂರುವ ಕುದುರೆ) ತಂತಿಯ ಲೆಕ್ಕದ ಉದ್ದ 650 ಮಿ.ಮೀ. ನಟ್ ಹತ್ತಿರ ಅಗಲ 44, ಹದಿನಾಲ್ಕನೇ ಫ್ರೆಟ್ ಹತ್ತಿರ 56. ಫ್ರೆಟ್‌ಬೋರ್ಡ್ ದಪ್ಪ 6. ಅದೂ ಸೇರಿ ನೆಕ್ಕಿನ ದಪ್ಪ ಮೊದಲ ಫ್ರೆಟ್‌ನಲ್ಲಿ 21, ಒಂಬತ್ತನೆಯದರಲ್ಲಿ 23. ಹೆಡ್‌ಸ್ಟಾಕ್ (ಬಿರಡೆ ಕೂರುವ ತಲೆ) ಹಿಂದಕ್ಕೆ ಬಾಗುವ ಕೋನ 15 ಡಿಗ್ರಿ, ಅದರ ದಪ್ಪ 15. ನೆಕ್ ಗಿಟಾರಿನ ಪೆಟ್ಟಿಗೆಗೆ, ಅಂದರೆ ಟೊಳ್ಳು ಒಡಲಿಗೆ, ಹದಿನಾಲ್ಕನೇ ಫ್ರೆಟ್‌ನಲ್ಲಿ ಕೂಡುತ್ತದೆ.

ಫ್ರೆಟ್ ಎಲ್ಲಿ ಬರಬೇಕು ಅನ್ನುವುದಕ್ಕೆ ಒಂದೇ ಸಂಖ್ಯೆ ಬೇಕು: 17.817. ಉಳಿದ ಉದ್ದವನ್ನು ಪ್ರತಿ ಸಲ ಇದರಿಂದ ಭಾಗಿಸಿದರೆ ಮುಂದಿನ ಫ್ರೆಟ್ ಎಷ್ಟು ದೂರ ಅಂತ ಸಿಗುತ್ತದೆ. 650ಕ್ಕೆ ಮೊದಲ ಫ್ರೆಟ್ ನಟ್‌ನಿಂದ 36.48, ಎರಡನೆಯದು 70.92, ಮೂರನೆಯದು 103.42, ಐದನೆಯದು 163.05, ಏಳನೆಯದು 216.18, ಒಂಬತ್ತನೆಯದು 263.51, ಹನ್ನೆರಡನೆಯದು ಸರಿಯಾಗಿ ಅರ್ಧ ಅಂದರೆ 325, ಹದಿನಾಲ್ಕನೆಯದು 360.46. ಹನ್ನೆರಡನೆಯದು 325ಕ್ಕೆ ಬೀಳಲಿಲ್ಲ ಅಂದರೆ ನಿಮ್ಮ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ, ಮತ್ತೆ ಮೊದಲಿನಿಂದ ಮಾಡಿ. ಗುರುತು ಹಾಕುವಾಗ ಒಂದು ಫ್ರೆಟ್‌ನಿಂದ ಮುಂದಿನದಕ್ಕೆ ಅಳೆಯಬೇಡಿ. ಎಲ್ಲವನ್ನೂ ನಟ್‌ನಿಂದಲೇ ಅಳೆಯಿರಿ. ಕೂದಲೆಳೆಯ ತಪ್ಪು ಇಪ್ಪತ್ತು ಸಲ ಸೇರಿದರೆ ಕಿವಿಗೆ ಕೇಳುತ್ತದೆ.

ತಲೆ ಜೋಡಿಸುವುದು

75 ಅಗಲ, 20 ದಪ್ಪ, 900 ಉದ್ದದ ಹಲಗೆ ಬೇಕು. ಹೆಡ್‌ಸ್ಟಾಕ್ ಸಮೇತ ಒಂದೇ ಮರದಲ್ಲಿ ಕೆತ್ತಬಹುದು, ಆದರೆ ಅದಕ್ಕೆ ದಪ್ಪ ತೊಲೆ ಬೇಕು, ಮತ್ತೆ ತಲೆ ಬಾಗುವ ಜಾಗದಲ್ಲಿ ಮರದ ಎಳೆ ಅಡ್ಡ ತುಂಡಾಗುತ್ತದೆ. ಗಿಟಾರ್ ಬಿದ್ದರೆ ಮುರಿಯುವುದು ಅಲ್ಲೇ. ಅದಕ್ಕೇ ನಾನು ಯಾವಾಗಲೂ ಸ್ಕಾರ್ಫ್ ಜೋಡಣೆ, ಅಂದರೆ ಓರೆಯಾಗಿ ಕೊಯ್ದು ಅಂಟಿಸುವ ಜೋಡಣೆ ಮಾಡುತ್ತೇನೆ.

ಹಲಗೆಯ ಒಂದು ತುದಿಯಿಂದ 200 ಮಿ.ಮೀ. ಬಿಟ್ಟು, ದಪ್ಪದ ಪಕ್ಕದಲ್ಲಿ 15 ಡಿಗ್ರಿಯ ಗೆರೆ ಎಳೆಯಿರಿ. 20 ದಪ್ಪಕ್ಕೆ ಈ ಇಳಿಜಾರು ಮುಖದ ಮೇಲೆ ಸುಮಾರು 75 ಮಿ.ಮೀ. ಉದ್ದ ಹರಡುತ್ತದೆ. ಚಾಕುವಿನಿಂದ ನಾಲ್ಕೂ ಕಡೆ ಗೆರೆ ಕೊರೆದು ಗರಗಸ ಹಾಕಿ. ಈಗ ಎರಡು ತುಂಡು, ಎರಡಕ್ಕೂ ಒಂದೊಂದು ಇಳಿಜಾರು. ಚಿಕ್ಕ ತುಂಡನ್ನು ಬೋರಲು ಮಾಡಿ ಉದ್ದದ ತುಂಡಿನ ಮೇಲೆ ಇಡಿ, ಎರಡೂ ಇಳಿಜಾರು ಸೇರಿ ಒಂದೇ ಉದ್ದ ಇಳಿಜಾರು ಆಗುವ ಹಾಗೆ. ಕ್ಲಾಂಪ್ ಹಾಕಿ ಎರಡನ್ನೂ ಒಟ್ಟಿಗೇ ಕೀಸುಳಿ ಹೊಡೆಯಿರಿ. ಹೀಗೆ ಮಾಡಿದರೆ ಎರಡರ ಕೋನ ತಾನಾಗೇ ಒಂದೇ ಆಗುತ್ತದೆ. ತೆಳುವಾದ ತುದಿ ಹರಿಯದ ಹಾಗೆ ಕೆಳಗೆ ಒಂದು ಹಾಳು ಹಲಗೆ ಕೊಡಿ.

ಜೋಡಿಸುವಾಗ ಚಿಕ್ಕ ತುಂಡಿನ ಇಳಿಜಾರು ಉದ್ದದ ತುಂಡಿನ ಬೆನ್ನಿಗೆ ಅಂಟಬೇಕು. ಆಗ ಉದ್ದದ ತುಂಡಿನ ಇಳಿಜಾರು ಮತ್ತು ಚಿಕ್ಕ ತುಂಡಿನ ಮುಖ ಒಂದೇ ಸಪಾಟಾಗಿ ಸೇರಿ ಹೆಡ್‌ಸ್ಟಾಕ್‌ನ ಮುಖ ಆಗುತ್ತದೆ. ಓದಿದರೆ ತಲೆ ತಿರುಗಬಹುದು. ಎರಡು ರಟ್ಟಿನ ತುಂಡು ಕತ್ತರಿಸಿ ಮೇಜಿನ ಮೇಲೆ ಒಮ್ಮೆ ಆಡಿಸಿ ನೋಡಿ, ಕ್ಷಣದಲ್ಲಿ ಅರ್ಥ ಆಗುತ್ತದೆ.

ಅಂಟಿನ ವಿಷಯ. ಬಡಗಿ ಕೆಲಸದ ಮಾಮೂಲಿ ಬಿಳಿ ಅಂಟು ಕಪಾಟಿಗೆ ಸಾಕು. ಆದರೆ ಅದು ಬಿಸಿಗೆ ಮೆತ್ತಗಾಗುತ್ತದೆ, ಸತತ ಎಳೆತ ಇದ್ದರೆ ನಿಧಾನವಾಗಿ ಜಾರುತ್ತದೆ. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಗಿಟಾರ್ ಇದೆ ಅಂದುಕೊಳ್ಳಿ, ಮೇಲೆ 70 ಕಿಲೋ ಎಳೆತ. ಆದ್ದರಿಂದ ವಾದ್ಯ ಮಾಡುವವರು ಬಳಸುವ ಹಳದಿ ಅಂಟು ತರಿಸಿಕೊಳ್ಳಿ, ಟೈಟ್‌ಬಾಂಡ್ ಒರಿಜಿನಲ್ ಥರದ್ದು. ಅಂಟು ಹಚ್ಚಿ ಕ್ಲಾಂಪ್ ಬಿಗಿದ ಕೂಡಲೇ ಇಳಿಜಾರಿನ ತುಂಡು ಜಾರಿ ಹೋಗುತ್ತದೆ. ಇದಕ್ಕೆ ನಮ್ಮೂರಿನದೇ ಮದ್ದಿದೆ: ಸಾಣಿಕಟ್ಟೆಯ ಹರಳುಪ್ಪು ನಾಲ್ಕು ಕಾಳು ಪುಡಿ ಮಾಡಿ ಅಂಟಿನ ಮೇಲೆ ಉದುರಿಸಿ. ಕಾಳು ಮರಕ್ಕೆ ಕಚ್ಚಿಕೊಳ್ಳುತ್ತದೆ, ತುಂಡು ಅಲುಗುವುದಿಲ್ಲ. ಚಿಟಿಕೆಗಿಂತ ಜಾಸ್ತಿ ಬೇಡ. ಒಂದು ದಿನ ಪೂರ್ತಿ ಕ್ಲಾಂಪ್‌ನಲ್ಲೇ ಬಿಡಿ.

ಟ್ರಸ್ ರಾಡ್ ಮತ್ತು ಹೀಲ್

ಟ್ರಸ್ ರಾಡ್ ಅಂದರೆ ನೆಕ್ಕಿನೊಳಗೆ ಕೂರಿಸಿ, ತಿರುಗಿಸಿ ನೆಕ್ಕಿನ ಬಾಗು ಸರಿ ಮಾಡುವ ಲೋಹದ ಸರಳು. ನೆಕ್ಕಿನ ಪಕ್ಕಗಳು ಇನ್ನೂ ಸಮಾನಾಂತರ ಇರುವಾಗಲೇ ರಾಡಿನ ಕಾಲುವೆ ತೋಡಿ. ಓರೆ ಮಾಡಿದ ಮೇಲೆ ಅಳತೆಗೆ ಆಧಾರ ಸಿಗುವುದಿಲ್ಲ. ಎರಡೂ ಕಡೆಗೆ ಬಗ್ಗಿಸಬಹುದಾದ ರಾಡ್ ತೆಗೆದುಕೊಳ್ಳಿ. ನಮ್ಮ ಹವೆಯಲ್ಲಿ ನೆಕ್ ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ಬಾಗುವುದರಿಂದ ಒಂದೇ ಕಡೆ ಎಳೆಯುವ ರಾಡ್ ಸಾಲದು. ಸಾಮಾನ್ಯವಾಗಿ ಅದು 6 ಅಗಲ, 9ರಿಂದ 10 ಆಳ ಇರುತ್ತದೆ. ರಾಡ್ ಕೈಗೆ ಬಂದ ಮೇಲೆ ಅಳೆದೇ ತೋಡಿ. ಟ್ರಿಮ್ಮರ್ ಯಂತ್ರ ಇದ್ದರೆ ಒಂದು ಸಲಕ್ಕೆ 3 ಮಿ.ಮೀ. ಮಾತ್ರ ಇಳಿಸಿ. ಇಲ್ಲವಾದರೆ ಎರಡು ಗೆರೆ ಚಾಕುವಿನಿಂದ ಆಳವಾಗಿ ಕೊರೆದು, 6 ಮಿ.ಮೀ. ಉಳಿಯಿಂದ ತೆಗೆಯುತ್ತಾ ಹೋಗಿ. ಎರಡು ಸಂಜೆಯ ಕೆಲಸ.

ಇಲ್ಲಿ ಒಂದು ಲೆಕ್ಕ ಮರೆಯಬೇಡಿ. ಮೊದಲ ಫ್ರೆಟ್ ಹತ್ತಿರ ನೆಕ್ 21, ಅದರಲ್ಲಿ ಫ್ರೆಟ್‌ಬೋರ್ಡ್ 6 ಹೋದರೆ 15, ಕಾಲುವೆ 10 ಹೋದರೆ ಬೆನ್ನಿನಲ್ಲಿ ಉಳಿಯುವುದು ಬರೀ 5. ಬೆನ್ನು ಕೆತ್ತುವಾಗ "ಇನ್ನೂ ಸ್ವಲ್ಪ ತೆಳು ಮಾಡೋಣ" ಅನ್ನಿಸಿದರೆ ಈ ಐದನ್ನು ನೆನಪಿಸಿಕೊಳ್ಳಿ.

ಹೀಲ್ ಅಂದರೆ ನೆಕ್ ಪೆಟ್ಟಿಗೆಗೆ ಕೂಡುವ ಕಡೆಯ ದಪ್ಪ ಭಾಗ. ಅದೇ ಹಲಗೆಯ ಉಳಿದ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ 95 ಮಿ.ಮೀ. ಎತ್ತರ ಮಾಡಿ. ಎಳೆಯ ದಿಕ್ಕು ಎಲ್ಲದರಲ್ಲೂ ನೆಕ್ಕಿನ ಉದ್ದಕ್ಕೇ ಇರಲಿ. ಒಂದೇ ಮರದ ತುಂಡುಗಳಾದರೆ ಜೋಡಣೆಯ ಗೆರೆ ಹುಡುಕಿದರೂ ಸಿಗುವುದಿಲ್ಲ.

ಪೆಟ್ಟಿಗೆಗೆ ಕೂಡಿಸಲು ಡವ್‌ಟೇಲ್ (ಪಾರಿವಾಳದ ಬಾಲದ ಆಕಾರದ ಕಚ್ಚು) ಹಳೇ ಪದ್ಧತಿ, ಚಂದವೂ ಹೌದು. ಆದರೆ ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ನಾನು ಬೋಲ್ಟ್ ಹಾಕುವ ಚೌಕ ನಾಲಿಗೆಯನ್ನೇ ಹೇಳುತ್ತೇನೆ. ಮುಂದೆ ನೆಕ್ ಬಿಚ್ಚಬೇಕಾಗಿ ಬಂದರೆ ಎರಡು ತಿರುಪು ಬಿಚ್ಚಿದರೆ ಆಯಿತು, ಅಲ್ವಾ? ಹೀಲ್‌ನ ಹಿಂಬದಿಯಲ್ಲಿ 20 ದಪ್ಪ, 16 ಉದ್ದದ ನಾಲಿಗೆ ಬಿಟ್ಟು ಎರಡೂ ಬದಿ ಕೊಯ್ಯಿರಿ. 6 ಮಿ.ಮೀ.ನ ಎರಡು ಬೋಲ್ಟ್ ಪೆಟ್ಟಿಗೆಯ ಒಳಗಿನಿಂದ ಬರುತ್ತವೆ. ಅವನ್ನು ಹಿಡಿಯಲು ಮರದ ತಲೆಕಡೆಗೆ ಇನ್ಸರ್ಟ್ (ಒಳಗೆ ತಿರುಪಿನ ಗೆರೆ ಇರುವ ಲೋಹದ ಕೊಳವೆ) ತಿರುಗಿಸಬೇಡಿ, ಎಳೆ ಬಿಟ್ಟು ಕಿತ್ತು ಬರುತ್ತದೆ. ಬಿಚ್ಚಿ ಜೋಡಿಸುವ ಮಂಚಕ್ಕೆ ಹಾಕುವ ದುಂಡು ಬ್ಯಾರಲ್ ನಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ನಾಲಿಗೆಗೆ ಅಡ್ಡಲಾಗಿ ತೂತು ಹಾಕಿ ಅದನ್ನು ಕೂರಿಸಿ.

ಫ್ರೆಟ್‌ಬೋರ್ಡ್

ಕ್ರಮ ತಪ್ಪಿಸಬೇಡಿ: ಮೊದಲು ಹಲಗೆ ಚೌಕವಾಗಿರುವಾಗಲೇ ಫ್ರೆಟ್‌ನ ಸೀಳು, ಆಮೇಲೆ ಓರೆ, ಕೊನೆಗೆ ಮೇಲ್ಮೈಯ ಉಬ್ಬು.

ಸೀಳಿನ ಅಗಲ ಫ್ರೆಟ್ ತಂತಿಯ ಕಾಲಿಗೆ ಹೊಂದಬೇಕು. ಕಾಲು ಸಾಮಾನ್ಯವಾಗಿ 0.5 ಮಿ.ಮೀ. ದಪ್ಪ ಇರುತ್ತದೆ, ಅದರ ಮೇಲೆ ಸಣ್ಣ ಮುಳ್ಳುಗಳು. ಸೀಳು 0.58ರ ಸುತ್ತ ಇದ್ದರೆ ಮುಳ್ಳು ಕಚ್ಚಿ ನಿಲ್ಲುತ್ತದೆ. ಸೀಳು ಬಿಗಿಯಾದರೆ ಇಪ್ಪತ್ತು ಫ್ರೆಟ್ ಇಪ್ಪತ್ತು ಬೆಣೆಯಾಗಿ ಇಡೀ ನೆಕ್ಕನ್ನು ಹಿಂದಕ್ಕೆ ಬಗ್ಗಿಸುತ್ತವೆ. ಸಡಿಲವಾದರೆ ಫ್ರೆಟ್ ಏಳುತ್ತದೆ. ಗರಗಸ ಕೊಂಡ ಮೇಲೆ ಹಾಳು ಬೀಟೆ ತುಂಡಿನಲ್ಲಿ ಎರಡು ಸೀಳು ಹಾಕಿ ತಂತಿ ಬಡಿದು ನೋಡಿ. ಮೂಲೆಮಟ್ಟ ಇಟ್ಟು ಚಾಕುವಿನಿಂದ ಗೆರೆ ಕೊರೆದು, ಆ ಗೆರೆಯಲ್ಲೇ ಗರಗಸ ಕೂರಿಸಿ. ಗರಗಸದ ಅಲಗಿಗೆ ಒಂದು ಮರದ ಪಟ್ಟಿ ಬಿಗಿದರೆ ಬೇಕಾದಷ್ಟೇ ಆಳ ಇಳಿಯುತ್ತದೆ.

ಉಬ್ಬಿಗೆ ನಾನು 406 ಮಿ.ಮೀ. ತ್ರಿಜ್ಯ ಹಿಡಿಯುತ್ತೇನೆ. ಕೇಳಲು ದೊಡ್ಡದು. ಆದರೆ 56 ಅಗಲದಲ್ಲಿ ಅಂಚು ನಡುವಿಗಿಂತ ತಗ್ಗುವುದು 1 ಮಿ.ಮೀ. ಅಷ್ಟೇ, ನಟ್ ಹತ್ತಿರ ಅದರ ಅರ್ಧಕ್ಕಿಂತ ತುಸು ಜಾಸ್ತಿ. ಕೀಸುಳಿಯಿಂದ ಅಂಚುಗಳನ್ನು ಇಳಿಸಿ, ಅದೇ ತ್ರಿಜ್ಯಕ್ಕೆ ಒಳಗುಳಿ ತೆಗೆದ ಉದ್ದ ಮರದ ತುಂಡಿಗೆ ಪಾಲಿಶ್ ಪೇಪರ್ ಅಂಟಿಸಿ ಉಜ್ಜಿ. ನಂತರ ಸೀಳಿನ ಆಳ ಅಂಚಿನಲ್ಲಿ ಕಡಿಮೆಯಾಗಿರುತ್ತದೆ, ಮತ್ತೊಮ್ಮೆ ಗರಗಸ ಆಡಿಸಿ. 3, 5, 7, 9, 12, 15ನೇ ಜಾಗದ ಚುಕ್ಕೆಗಳಿಗೆ 6 ಮಿ.ಮೀ. ತೂತು ಹಾಕಿ ಚಿಪ್ಪಿನ ಬಿಲ್ಲೆ ಕೂರಿಸಿ.

ನೆಕ್‌ಗೆ ಅಂಟಿಸುವಾಗ ಎಪಾಕ್ಸಿ ಒಳ್ಳೆಯದು. ಹಳದಿ ಅಂಟಿನಲ್ಲಿ ನೀರಿದೆ, ತೆಳು ಫ್ರೆಟ್‌ಬೋರ್ಡಿನ ಕೆಳಮೈ ಆ ನೀರು ಕುಡಿದು ಹಿಗ್ಗಿದರೆ ಇಡೀ ನೆಕ್ ಬಾಳೆಹಣ್ಣಿನ ಹಾಗೆ ಬಾಗಿ ಒಣಗುತ್ತದೆ. ರಾಡಿನ ಮೇಲೆ ಸಣ್ಣ ಟೇಪ್ ಪಟ್ಟಿ ಹಾಕಿ, ಅಂಟು ಒಳಗೆ ಇಳಿಯಬಾರದು. ಅಂಟಿಸುವ ಮುಂಚೆ ಎರಡು ಫ್ರೆಟ್ ಸೀಳಿನೊಳಗೆ ಸಣ್ಣ ಮೊಳೆಯಷ್ಟು ತೂತು ಹಾಕಿ ಗುರುತಿನ ಮೊಳೆ ಇಟ್ಟುಕೊಳ್ಳಿ, ಹಲಗೆ ಜಾರುವುದಿಲ್ಲ. ಮೇಲೆ ದಪ್ಪ ನೇರ ಮರ ಇಟ್ಟು, ಕೈಯಲ್ಲಿರುವ ಕ್ಲಾಂಪ್ ಎಲ್ಲ ಹಾಕಿ. ಎರಡು ದಿನ ಮುಟ್ಟಬೇಡಿ. ಆಮೇಲೆ ಕ್ಲಾಂಪ್ ಬಿಚ್ಚಿ ಒಂದು ವಾರ ನೇತು ಹಾಕಿ.

ಬೆನ್ನು ಕೆತ್ತುವುದು

ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಹಿರಿಯ ಆಚಾರಿಯೊಬ್ಬರು ನಾನು ಅರ ಹಿಡಿದು ಒಂದೇ ಜಾಗ ತಿಕ್ಕುವುದನ್ನು ನೋಡಿ, "ತಮಾ, ದುಂಡು ಮಾಡೂಕೆ ಹೋಗಬೇಡ. ಮೂಲೆ ತೆಗಿ. ದುಂಡು ತಾನೇ ಬತ್ತದೆ" ಅಂದಿದ್ದರು. ಈ ಹಂತಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಮೊದಲು ಬೆನ್ನಿನ ನಡುವೆ ಉದ್ದಕ್ಕೆ ಒಂದು ಗೆರೆ. ಇದು ಕೊನೆಯವರೆಗೂ ಅಳಿಯಬಾರದು, ಅಳಿದರೆ ಮತ್ತೆ ಎಳೆಯಿರಿ. ನಂತರ ಪಕ್ಕದಿಂದ ನೋಡಿದಾಗ ದಪ್ಪ ಸರಿಯಾಗುವ ಹಾಗೆ ಬೆನ್ನನ್ನು ಸಪಾಟಾಗಿಯೇ ಇಳಿಸಿ: ಮೊದಲ ಫ್ರೆಟ್‌ನಲ್ಲಿ 22, ಒಂಬತ್ತರಲ್ಲಿ 24. ಬೇಕಾದ್ದಕ್ಕಿಂತ 1 ಮಿ.ಮೀ. ಜಾಸ್ತಿ ಇದೆ, ಬೇಕಂತಲೇ. ಈಗ ಮೊದಲ ಫ್ರೆಟ್ ಮತ್ತು ಒಂಬತ್ತನೇ ಫ್ರೆಟ್ ಇರುವ ಜಾಗದಲ್ಲಿ ಮಾತ್ರ, ಎರಡು ಬೆರಳು ಅಗಲಕ್ಕೆ, ಪೂರ್ತಿ ಆಕಾರ ಕೆತ್ತಿ. ನಿಮಗೆ ಇಷ್ಟವಾದ ಗಿಟಾರಿನ ನೆಕ್ಕಿನಿಂದ ಎರಡು ರಟ್ಟಿನ ಅಚ್ಚು ತೆಗೆದುಕೊಂಡಿದ್ದರೆ ಅದನ್ನು ಇಟ್ಟು ಇಟ್ಟು ನೋಡಿ. ಕಾರವಾರದಲ್ಲಿ ಚರ್ಚಿನ ಹಾಡಿಗೆ ಗಿಟಾರ್ ನುಡಿಸುವ ಗೆಳೆಯನೊಬ್ಬನ ಹಳೇ ಗಿಟಾರಿನಿಂದ ನಾನು ಅಚ್ಚು ತೆಗೆದೆ. ವರ್ಷಗಟ್ಟಲೆ ಕೈ ಆಡಿ ಆ ಬೆನ್ನು ಎಷ್ಟು ಹಿತ ಆಗಿತ್ತು ಅಂದರೆ ನಕ್ಷೆಯಲ್ಲಿ ಅದನ್ನು ಬಿಡಿಸಲು ಆಗುತ್ತಿರಲಿಲ್ಲ.

ಎರಡು ಕಡೆ ಆಕಾರ ಬಂದ ಮೇಲೆ ನಡುವಿನ ಮರವನ್ನು ತೆಗೆಯುವುದು. ಎರಡೂ ಮೂಲೆಯನ್ನು 45 ಡಿಗ್ರಿಯಲ್ಲಿ ಉದ್ದಕ್ಕೆ ಸವರಿ. ಆಗ ಹುಟ್ಟಿದ ಹೊಸ ಮೂಲೆಗಳನ್ನು ಮತ್ತೆ ಸವರಿ. ಮತ್ತೆ ಅವುಗಳ ಮೂಲೆ. ಸ್ಪೋಕ್‌ಶೇವ್ (ಎರಡು ಹಿಡಿಯ ಸಣ್ಣ ಕೀಸುಳಿ) ಇದ್ದರೆ ಅದರಂಥ ಸುಖ ಇನ್ನೊಂದಿಲ್ಲ, ಉದ್ದದ ಸುರುಳಿ ಏಳುತ್ತಾ ಹೋಗುತ್ತದೆ. ಇಲ್ಲದಿದ್ದರೆ ಒರಟು ಅರ ಸಾಕು. ಹಲಸಿನಲ್ಲಿ ಎಳೆ ಒಂದು ಕಡೆಗೆ ಹರಿದರೆ ಪಕ್ಕದಲ್ಲೇ ಇನ್ನೊಂದು ಕಡೆಗೆ ಹರಿಯುತ್ತದೆ, ಅಲ್ಲಿ ಅಲಗು ಕಿತ್ತುಕೊಂಡು ಬರುತ್ತದೆ. ದಿಕ್ಕು ಬದಲಿಸಿ, ಇಲ್ಲವೇ ಆ ಜಾಗವನ್ನು ಅರದಿಂದಲೇ ಮುಗಿಸಿ.

ಹೀಲ್‌ನ ತಿರುವು ಉಳಿಯ ಕೆಲಸ. ಶಿರಸಿ, ಸಾಗರದ ಗುಡಿಗಾರರು ಗಂಧದ ಕೆತ್ತನೆ ಮಾಡುವುದನ್ನು ನೋಡಿದ್ದೀರಾದರೆ ಗಮನಿಸಿರುತ್ತೀರಿ, ಒಂದು ಕೈ ತಳ್ಳುತ್ತದೆ, ಇನ್ನೊಂದು ಕೈಯ ಹೆಬ್ಬೆರಳು ಅಲಗನ್ನು ತಡೆದು ಹಿಡಿದಿರುತ್ತದೆ. ಅದೇ ಹಿಡಿತ ಇಲ್ಲಿಗೂ. ಕೊಡತಿ ಬೇಡ. ನೆಕ್‌ನಿಂದ ಹೀಲ್‌ಗೆ ಇಳಿಯುವ ಜಾಗವನ್ನು ಹನ್ನೆರಡನೇ ಫ್ರೆಟ್ ದಾಟಿದ ಮೇಲೆಯೇ ಶುರು ಮಾಡಿ, ಬೇಗ ದಪ್ಪ ಆದರೆ ಹೆಬ್ಬೆರಳಿಗೆ ಅಡ್ಡ ಬರುತ್ತದೆ.

ಈಗ ನಿಲ್ಲಿಸಿ. ನೆಕ್ಕನ್ನು ಮತ್ತೆ ಒಂದು ವಾರ, ಸಾಧ್ಯವಾದರೆ ಎರಡು ವಾರ ಬಿಡಿ. ಒಳಗಿನ ಮರ ಹೊರಗೆ ಬಂದಿದೆ, ಅದಕ್ಕೂ ಗಾಳಿ ತಾಗಬೇಕು. ಆಮೇಲೆ ಫ್ರೆಟ್‌ಬೋರ್ಡ್ ಮೇಲೆ ಉಕ್ಕಿನ ನೇರ ಪಟ್ಟಿ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಬೆಳಕು ನುಸುಳುವ ಕಡೆ ಎಷ್ಟೇ ಸಣ್ಣದಿದ್ದರೂ ಈಗಲೇ ಉಜ್ಜಿ ಸಮ ಮಾಡಿ. ಬೆನ್ನಿನಲ್ಲಿ ಬಿಟ್ಟಿದ್ದ 1 ಮಿ.ಮೀ. ತೆಗೆಯುವುದೂ ಈಗಲೇ. ಕೊನೆಗೆ ಕಣ್ಣು ಮುಚ್ಚಿ ಬೆನ್ನಿನ ಮೇಲೆ ಕೈ ಆಡಿಸಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ.

ಫ್ರೆಟ್ ಹೊಡೆಯುವುದು

ಫ್ರೆಟ್ ತಂತಿ ನಿಕಲ್ ಸಿಲ್ವರ್‌ನದು. ಹೆಸರಲ್ಲಿ ಬೆಳ್ಳಿ ಇದ್ದರೂ ಅದು ತಾಮ್ರ, ನಿಕಲ್, ಸತುವಿನ ಬೆರಕೆ. ಇಪ್ಪತ್ತು ಫ್ರೆಟ್‌ಗೆ ಒಂದೂವರೆ ಮೀಟರ್ ತಂದರೆ ಸಾಕು. ತಂತಿಯನ್ನು ಫ್ರೆಟ್‌ಬೋರ್ಡಿನ ಉಬ್ಬಿಗಿಂತ ಸ್ವಲ್ಪ ಜಾಸ್ತಿ ಬಗ್ಗಿಸಿಕೊಳ್ಳಿ. ನೆಕ್ ಕೆಳಗೆ ಮರಳಿನ ಚೀಲ ಇಟ್ಟು, ಹಿತ್ತಾಳೆ ಸುತ್ತಿಗೆಯಿಂದ ಮೊದಲು ಎರಡು ತುದಿ, ಆಮೇಲೆ ನಡು. ಪೆಟ್ಟಿನ ಸದ್ದು ಬದಲಾಗುತ್ತದೆ. ಕೂರದಿದ್ದಾಗ ಗಲಗಲ, ಕೂತ ಮೇಲೆ ಗಟ್ಟಿ ಟಕ್. ತುದಿಗಳನ್ನು ಕತ್ತರಿಸಿ ಅರದಿಂದ ಓರೆ ಮಾಡಿ.

ಎಲ್ಲ ಫ್ರೆಟ್‌ನ ನೆತ್ತಿಗೆ ಮಾರ್ಕರ್ ಶಾಯಿ ಬಳಿದು, ಉದ್ದವಾದ ಸಪಾಟು ಕಲ್ಲು ಅಥವಾ ಅರವನ್ನು ಭಾರ ಹಾಕದೆ ಉದ್ದಕ್ಕೆ ಎಳೆಯಿರಿ. ಶಾಯಿ ಹೋದದ್ದು ಎತ್ತರ, ಉಳಿದದ್ದು ತಗ್ಗು. ಎಲ್ಲದರಲ್ಲೂ ಕೂದಲೆಳೆ ಹೋದ ಕೂಡಲೇ ನಿಲ್ಲಿಸಿ. ಸಪಾಟಾದ ನೆತ್ತಿಯನ್ನು ಮತ್ತೆ ದುಂಡು ಮಾಡಿ, ಸಣ್ಣ ಪೇಪರ್‌ನಿಂದ ಹೊಳಪು ಕೊಡಿ.

ಕೋನ ಮತ್ತು ಪಾಲಿಶ್

ನೆಕ್ಕನ್ನು ಪೆಟ್ಟಿಗೆಗೆ ಬೋಲ್ಟ್ ಹಾಕಿ, ಫ್ರೆಟ್‌ಗಳ ಮೇಲೆ ನೇರ ಪಟ್ಟಿ ಇಡಿ. ಅದರ ತುದಿ ಬ್ರಿಡ್ಜ್‌ನ ಮೇಲ್ಮೈಯನ್ನು ಸವರಿ ಹೋಗಬೇಕು. ಬ್ರಿಡ್ಜ್‌ಗೆ ಡಿಕ್ಕಿ ಹೊಡೆದರೆ ಕೋನ ಕಡಿಮೆ, ಗಾಳಿಯಲ್ಲಿ ನಿಂತರೆ ಜಾಸ್ತಿ. ಕಡಿಮೆ ಇದ್ದರೆ ಹೀಲ್‌ನ ಕೆಳತುದಿಯಲ್ಲಿ ಮರ ತೆಗೆಯಬೇಕು, ಮತ್ತೆ ಎಷ್ಟು ಸಣ್ಣ ಅಳತೆ ನೋಡಿ: ಮೇಲೆ ಹೇಳಿದ ಗಾತ್ರದಲ್ಲಿ ಕೆಳತುದಿಯಲ್ಲಿ 0.65 ಮಿ.ಮೀ. ತೆಗೆದರೆ ಬ್ರಿಡ್ಜ್ ಹತ್ತಿರ ಪಟ್ಟಿ 2 ಮಿ.ಮೀ. ಏಳುತ್ತದೆ. ಆದ್ದರಿಂದ ಉಳಿ ಬೇಡ. ಹೀಲ್ ಮತ್ತು ಪೆಟ್ಟಿಗೆಯ ನಡುವೆ ಪಾಲಿಶ್ ಪೇಪರ್ ಪಟ್ಟಿ ಇಟ್ಟು, ನೆಕ್ ಒತ್ತಿ ಹಿಡಿದು ಪಟ್ಟಿ ಎಳೆಯಿರಿ. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ಪ್ರತಿ ಸಲ ಅಳತೆ. ಇದೊಂದಕ್ಕೆ ಇಡೀ ದಿನ ಕೊಟ್ಟರೂ ನಷ್ಟ ಇಲ್ಲ.

ಪಾಲಿಶ್‌ಗೆ ನಮ್ಮ ಬಡಗಿಗಳ ಸ್ಪಿರಿಟ್ ಪಾಲಿಶ್, ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದು, ಬಲು ಚಂದ ಬರುತ್ತದೆ. ಗಾಳಿಯಲ್ಲಿ ತೇವ ಇರುವ ದಿನ ಹಚ್ಚಿದರೆ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಕರಾವಳಿಯಲ್ಲಿ ಅಂಗೈ ಬೆವರು ಜಾಸ್ತಿ, ಬೆವರಿಗೆ ಅರಗು ಮೆತ್ತಗಾಗುತ್ತದೆ. ಹಾಗಾಗಿ ಕೆಳಗಿನ ಊರಿನವರಿಗೆ ನೆಕ್ಕಿನ ಬೆನ್ನಿಗೆ ಟಂಗ್ ಎಣ್ಣೆ ಅಥವಾ ಕುದಿಸಿದ ಅಗಸೆ ಎಣ್ಣೆ ಮೂರು ನಾಲ್ಕು ತೆಳು ಕೈ ಹಚ್ಚಿ ಅನ್ನುತ್ತೇನೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಅಂಗಳದಲ್ಲಿ ಬಿಡಿಸಿ ಒಣಹಾಕಿ, ಇಲ್ಲವೇ ನೀರಲ್ಲಿ ನೆನೆಸಿ.

ನಟ್‌ಗೆ ಎಲುಬು. ಆರು ತಂತಿಯ ಗೀರು ಹಾಕುವಾಗ ಮೊದಲ ತಂತಿಯಿಂದ ಆರನೆಯದಕ್ಕೆ 37 ಮಿ.ಮೀ. ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿದರೆ ಮೊದಲ ಫ್ರೆಟ್ ಮೇಲೆ ತೆಳು ಕಾಗದದಷ್ಟು ಸಂದು ಉಳಿಯಬೇಕು. ಗೀರು ಅದಕ್ಕಿಂತ ಆಳ ಹೋದರೆ ತಂತಿ ಗರಗರ ಅನ್ನುತ್ತದೆ, ಹೊಸ ನಟ್ ಮಾಡಬೇಕಾಗುತ್ತದೆ.

ತಂತಿ ಬಿಗಿದ ಮೇಲೆ ಮೂರು ದಿನ ಹಾಗೇ ಇಟ್ಟು ಟ್ರಸ್ ರಾಡ್ ಮುಟ್ಟಿ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮೊದಲನೇ ಮತ್ತು ಹದಿನಾಲ್ಕನೇ ಫ್ರೆಟ್ ಎರಡರಲ್ಲೂ ಆರನೇ ತಂತಿ ಒತ್ತಿದಾಗ ಏಳನೆಯದರ ಮೇಲೆ 0.2 ಮಿ.ಮೀ. ಸಂದು ಇದ್ದರೆ ನನ್ನ ಕೈಗೆ ಹಿತ. ಆ ಸಂದನ್ನು ತಾರೀಖಿನ ಸಮೇತ ಒಂದು ಚೀಟಿಯಲ್ಲಿ ಬರೆದು ಗಿಟಾರ್ ಪೆಟ್ಟಿಗೆಯೊಳಗೆ ಇಡಿ. ಜುಲೈ ಮಧ್ಯದಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಮತ್ತೆ ಅಳೆಯಿರಿ. ಶಿರಸಿಯಲ್ಲಿ ಮಾಡಿದ ನೆಕ್ ದೇವಿಮನೆ ಘಟ್ಟ ಇಳಿದು ಸಮುದ್ರದ ಬದಿಯ ಮನೆಗೆ ಹೋಗುವುದಾದರೆ ಹೋದ ಎರಡನೇ ವಾರ ಒಂದು ಸಲ ಜಾಸ್ತಿ ನೋಡಿ.